ಕಬ್ಬಿಣದ ಮುಚ್ಚಳ ಎಲ್ಲಿ?

ನನಗೆ ಸಿಟ್ಟು ಬೇಗ ಬರುತ್ತದೆ. ಬೇಗ ಬಂದದ್ದು ಬೇಗ ಹೋಗುತ್ತದೆ ಎಂದು ಜನ ಸಮಾಧಾನ ಹೇಳಿಕೊಳ್ಳುತ್ತಾರೆ. ನನ್ನದು ಹಾಗಲ್ಲ, ಬೀಗರಂತೆ ಚಹಾ ಕುಡಿದು, ಊಟ ಮಾಡಿ, ಎರಡು ದಿನ ಇದ್ದೇ ಹೋಗುತ್ತದೆ.

ಸಿಂದಗಿ ಸೀಮೆಯ ಒಂದೂರಿನಲ್ಲಿ ನಾನು ಕುಡಿಯುವ ನೀರಿನ ಇಂಜಿನಿಯರು. ಅಲ್ಲೊಂದು ಓಣಿಗೆ ಸಿಮೆಂಟ್ ರಸ್ತೆ ಮಾಡಿದ ಗುತ್ತಿಗೆದಾರ, ಕೆಲಸಕ್ಕೆಂದು ನಾವು ಬಂದ್ ಮಾಡಿದ್ದ ವಾಲ್ವಿನ ಗುಂಡಿಯ ಮೇಲೂ ಕಾಂಕ್ರೀಟು ಸುರಿದು, ನುಣ್ಣಗೆ ಸವರಿ ಹೋಗಿಬಿಟ್ಟ. ಒಂದು ಗುರುತಾದರೂ ಇಟ್ಟನೇ? ಫೋನು ಮಾಡಿ ಬೈದರೆ, "ರೋಡ್ ಚೊಲೋ ಆಗೇತಲ್ರಿ?" ಎಂದು ನನ್ನನ್ನೇ ಕೇಳಿದ! ಓಣಿಗೆ ಎಂಟು ದಿನದಿಂದ ಹನಿ ನೀರಿಲ್ಲ. ಶಂಕ್ರವ್ವ ಎಂಬ ಮುದುಕಿಯ ಮನೆಯಲ್ಲಿ ಸೊಸೆ ಬಾಣಂತಿ. ಕೂಸಿನ ಬಟ್ಟೆ ಒಗೆಯಲೂ ಕೊಡ ಹೊತ್ತು ಅಲೆಯುವ ಪಾಡು.

ನೀರು ಬಿಡುವ ಮಲ್ಲಪ್ಪನನ್ನು ಕೇಳಿದೆ. "ಬೇವಿನ ಗಿಡದ ಎದುರಿಗೇ ಇತ್ರಿ ಸಾಹೇಬ್ರ" ಎಂದ.

"ಗಿಡ ಎಲ್ಲೈತಿ?"

"ಅದನ್ನೂ ಕಡದಾರ್ರಿ."

ಕೊನೆಗೆ, ಗುಂಡಿಯ ಮುಚ್ಚಳ ಕಬ್ಬಿಣದ್ದಲ್ಲವೇ ಎಂದು, ಮುದ್ದೇಬಿಹಾಳದ ಗೆಳೆಯನಿಂದ ನೆಲದೊಳಗಿನ ಕಬ್ಬಿಣ ಪತ್ತೆ ಹಚ್ಚುವ ಯಂತ್ರ ತರಿಸಿದೆ. ಅಯಸ್ಕಾಂತದ ಲೆಕ್ಕದಲ್ಲಿ ಕೆಲಸ ಮಾಡುವ ಹಳದಿ ಕೋಲು ಅದು; ಕಬ್ಬಿಣ ಸಿಕ್ಕರೆ ಕೂಗುತ್ತದೆ. ಮೂರು ಕಡೆ ಓಣಿ ಹಾರಿಹೋಗುವಂತೆ ಕೂಗಿತು. ಮೂರೂ ಕಡೆ ಹೊಚ್ಚ ಹೊಸ ರಸ್ತೆ ಒಡೆಸಿದೆ. ಒಂದರಲ್ಲಿ ಗಾಡಿ ಗಾಲಿಯ ಪಟ್ಟಿ, ಒಂದರಲ್ಲಿ ನೇಗಿಲ ಕುಳ, ಮೂರನೆಯದರಲ್ಲಿ ಆ ಗುತ್ತಿಗೆದಾರನ ಕಬ್ಬಿಣದ ಬುಟ್ಟಿ. ತನ್ನ ಬುಟ್ಟಿಯನ್ನೇ ಹುಗಿದು ಹೋದವನು ನನ್ನ ವಾಲ್ವನ್ನು ಬಿಡುತ್ತಾನೆಯೇ? ನಾನು ಆ ಬುಟ್ಟಿಯನ್ನು ಒದ್ದೆ. ಕಾಲು ಊದಿತು. ಸಿಟ್ಟು ಇನ್ನೊಂದು ಪಾವು ಹೆಚ್ಚಾಯಿತು.

ಕಟ್ಟೆಯ ಮೇಲೆ ಕೂತಿದ್ದ ಶಂಕ್ರವ್ವ ಕೇಳಿದಳು: "ಸಾಹೇಬ್ರ, ಅದು ನಮ್ಮ ಬಾಗಲ ಮುಂದ ಸಣ್ಣಗ ಅಳಾಕತ್ತಿತ್ತಲ್ರಿ, ಅಲ್ಲ್ಯಾಕ ಅಗಸಂಗಿಲ್ಲ?"

"ಯವ್ವಾ, ಅದು ಯಾವುದೋ ಮೊಳಿ. ಕಬ್ಬಿಣದ ಮುಚ್ಚಳ ಇದ್ದರ ಜೋರ್ ಕೂಗತೈತಿ. ನಿನಗದು ತಿಳಿಯಂಗಿಲ್ಲ."

"ಕಬ್ಬಿಣದ್ದೆಲ್ಲೈತ್ರಿ? ಕಳ್ಳರು ಒಯ್ತಾರಂತ ಹ್ವಾದ ವರ್ಷ ನೀವ ಅದನ್ನ ತಗಿಸಿ ಪ್ಲಾಸ್ಟಿಕ್ ಮುಚ್ಚಳ ಹಾಕಿಸಿದ್ರಲ್ರಿ. ಅದರ ಮ್ಯಾಲ ನಿಂತು ಫೋಟೋ ತಗಸ್ಕೊಂಡ್ರಿ."

ಹೌದು. ತೆಗೆಸಿಕೊಂಡಿದ್ದೆ. ಹಾಗಾದರೆ ಆ ಸಣ್ಣ ಅಳು, ಪ್ಲಾಸ್ಟಿಕ್ಕಿನ ಕೆಳಗೆ ಆಳದಲ್ಲಿದ್ದ ವಾಲ್ವಿನದು! ಮಲ್ಲಪ್ಪನ ಕಡೆ ತಿರುಗಿದೆ. ಅವನು ಆಕಾಶ ನೋಡುತ್ತಿದ್ದ.

"ನಿನಗೂ ನೆನಪಿತ್ತೇನು?"

"ಇತ್ರಿ."

"ಮತ್ಯಾಕ ಹೇಳಲಿಲ್ಲ?"

"ನೀವು ಸಿಟ್ಟಿನ್ಯಾಗ ಇದ್ರಿ."

ಅವಳ ಬಾಗಿಲ ಮುಂದೆ ಅಗೆದೆವು. ಮುಚ್ಚಳ ಸಿಕ್ಕಿತು. ಮಲ್ಲಪ್ಪ ವಾಲ್ವ್ ತಿರುವಿದ. ಶಂಕ್ರವ್ವನ ನಲ್ಲಿ ಎರಡು ಸಲ ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿನೀರು ಬಿಟ್ಟಿತು. ಒಳಗಿನಿಂದ ಸೊಸೆ "ಅತ್ತೀ, ನೀರು ಬಂತು!" ಎಂದು ಕೂಗಿದಳು. ಒಂದು ಗಳಿಗೆ ನನ್ನ ಸಿಟ್ಟೂ ಇಳಿಯಿತು.

ಕಚೇರಿಗೆ ಬಂದದ್ದೇ ಅದು ಮತ್ತೆ ಏರಿತು. ಗುತ್ತಿಗೆದಾರನಿಗೆ ನೋಟಿಸು ಬರೆದೆ: "ನಿಮ್ಮ ಬೇಜವಾಬ್ದಾರಿಯಿಂದ ರಸ್ತೆಯನ್ನು ನಾಲ್ಕು ಕಡೆ ಒಡೆಯಬೇಕಾಯಿತು." ಹಿಂದೆ ನಿಂತು ಓದಿದ ಮಲ್ಲಪ್ಪ ಈ ಸಲ ಸೂರು ನೋಡತೊಡಗಿದ. ನಾನೇ 'ನಾಲ್ಕು' ಹೊಡೆದು 'ಒಂದು' ಎಂದು ತಿದ್ದಿದೆ. ಉಳಿದ ಮೂರರ ನೋಟಿಸು ಇನ್ನೂ ಬರೆದಿಲ್ಲ. ವಿಳಾಸ ಮಾತ್ರ ನನಗೆ ಬಾಯಿಪಾಠವಿದೆ.