ಅಂದಾನೆಪ್ಪನ ನೆಟ್ಟನೆಯ ಬೆನ್ನು

ಎಳ್ಳುಕಾಳಿನಷ್ಟು ಸೊಳ್ಳೆಯೊಂದು ದೊಡವಾಡದ ಅಂದಾನೆಪ್ಪನ ಮೀನಖಂಡಕ್ಕೆ ಕಚ್ಚಿತು. ಕಚ್ಚಿದ್ದು ಕಾಲಿಗೆ, ಬಾಗಿದ್ದು ಬೆನ್ನು.

ಆ ಮಳೆಗಾಲ ಊರಿಗೆಲ್ಲ ಕೀಲುಜ್ವರ ಬಡಿದಿತ್ತು. ಜ್ವರ ಇಳಿದರೂ ಕೀಲು ಸಡಿಲಾಗದೆ, ಅಂದಾನೆಪ್ಪ ಕುಡಗೋಲಿನಂತೆ ಬಾಗಿ, ತನ್ನ ಮೊಣಕಾಲಿನ ಸಂಗಡ ಗುಟ್ಟು ಮಾತಾಡುವವನಂತೆ ನಡೆಯುತ್ತಿದ್ದ. ಅಂಥ ದಿನವೇ ನೇಸರಗಿಯ ಗಂಗಪ್ಪಗೌಡರು ಮನೆ ಅಳಿಯನನ್ನು ಹುಡುಕುತ್ತ ಅವನನ್ನು ನೋಡಲು ಹೊರಟಿದ್ದರು. ಅವರ ಮಗಳು ಕಾಡವ್ವನನ್ನು ಅವನು ಸಂತೆಯಲ್ಲಿ ಒಮ್ಮೆ ಕಂಡಿದ್ದ. ಹುಳುಕು ಬದನೆಕಾಯಿಯನ್ನು ವ್ಯಾಪಾರಿಯ ಬುಟ್ಟಿಗೇ ತಿರುಗಿ ಎಸೆದ ಅವಳ ಕೈಬಳೆ ಅಂದಿನಿಂದ ಅವನ ಕನಸಿನಲ್ಲಿ ಸದ್ದು ಮಾಡುತ್ತಿತ್ತು.

"ಜಡ್ಡಿನ ವರ ಅಂದ್ರ ಗೌಡ್ರ ಚಕ್ಕಡಿ ಊರ ಅಗಸಿ ಬಾಗಲದಿಂದ್ಲೇ ಹೊಳ್ಳತೈತಿ. ನಿನಗ ಜ್ವರಾನ ಬಂದಿಲ್ಲ, ತಿಳೀತಿಲ್ಲೋ ತಮ್ಮಾ?" ಎಂದಳು ಪಕ್ಕದ ಮನೆಯ ಗುರುಬಸವ್ವ.

"ಚಿಗವ್ವಾ, ಬೆನ್ನು ನೋಡಿದ್ರ ಗೊತ್ತಾಗತೈತಿ."

ಅವಳು ಎಕ್ಕೆಯ ಎಲೆ ಕಾಸಿ ಕಟ್ಟಿದಳು. ಬೆನ್ನು ಕೆಂಪಾಯಿತು, ನೆಟ್ಟಗಾಗಲಿಲ್ಲ. ಆಗ ಎದುರುಮನೆಯ ಉಳವಪ್ಪ, ಅದೇ ಜ್ವರಕ್ಕೆ ಅಷ್ಟೇ ಬಾಗಿದವನು, ಮಾಡಿನಿಂದ ಬಿದಿರು ಗಳ ಎಳೆದು ತಂದ. ಅದನ್ನು ಗೆಳೆಯನ ಅಂಗಿಯೊಳಗೆ ಇಳಿಬಿಟ್ಟು, ಬೆನ್ನ ಹಿಂದೆ ಹಗ್ಗದ ಗಂಟು ಬಿಗಿದ.

"ಉಸಿರು ಆಡವಲ್ದೋ ಉಳವ್ಯಾ."

"ಅವ್ರು ಬೆನ್ನು ನೋಡಾಕ ಬರತಾರ, ಉಸಿರು ನೋಡಾಕಲ್ಲ."

ಅಂದಾನೆಪ್ಪ ಕಿತ್ತೂರು ಕೋಟೆಯ ಬುರುಜಿನಂತೆ ನಿಂತ.

ಗೌಡರು ಬಂದು ಕಂಬಳಿಯ ಮೇಲೆ ಕುಳಿತರು. "ಕುಂದ್ರೋ ತಮ್ಮಾ."

"ಹಿರ್ಯಾರ ಮುಂದ ಕುಂದರಂಗಿಲ್ರಿ," ಎಂದ ಅಂದಾನೆಪ್ಪ. ಕಾಲಿಗೆರಗಲು ಹೋದವನು ಕಡಿದ ಜಾಲಿಮರದಂತೆ ಉದ್ದಕ್ಕೆ ಬಿದ್ದ.

"ಏನ್ ಭಕ್ತಿ ನೋಡ್ರಿ," ಎಂದಳು ಗುರುಬಸವ್ವ, ಅವನನ್ನು ಗೋಡೆಗೆ ಏಣಿಯಂತೆ ಆನಿಸುತ್ತ.

ಗೌಡರು ಮೀಸೆ ಸವರಿದರು. "ಹುಡಗಗ ಕೀಲುಜ್ವರ ಬಂದಿತ್ತೇನ್ರಿ?"

"ಒಂದು ಸೀನೂ ಬಂದಿಲ್ರಿ," ಎಂದಳು ಗುರುಬಸವ್ವ. " ಇವನ್ನ ಕಂಡ್ರ ಜ್ವರಾನ ಅಂಜತೈತಿ." ಬಾಗಿಲಲ್ಲಿ ನೆರೆದ ಓಣಿಯವರೆಲ್ಲ ಬಸವಣ್ಣನ ಮೇಲೆ ಆಣೆ ಇಟ್ಟರು.

ಗೌಡರ ಮುಖ ಬಾಡಿತು. "ಹಂಗಾದ್ರ ಬ್ಯಾಡ್ರಿ. ನನಗ, ಮಗಳಿಗೆ ಬಂದು ಹೋಗೇತಿ. ಉಳದ ಮನಿ ಮಂದಿ ಎಲ್ಲಾ ಹಾಸಿಗಿ ಹಿಡದಾರ. ಅಳಿಯನೂ ಬಂದು ಮಲಗಿದ್ರ ಗಂಜಿ ಕಾಸಾವ್ರು ಯಾರು? ಮೈ ಅಂದ್ರ ಕ್ವಾಟಿ ಇದ್ದಂಗ್ರಿ. ಮೊದಲ ಸಲ ಕಳ್ಳ ಹೊಕ್ಕಾಗ ಒಳಗಿನ ಕಾವಲವ್ರು ಗಾಬರಿ ಆಗಿ ಪಂಜು ಹಚ್ಚತಾರ, ಅದಕ್ಕ ಮೈ ಸುಡತೈತಿ. ಆದ್ರ ಅವನ ಮಾರಿ ಮರಿಯಂಗಿಲ್ಲ. ಮತ್ತ ಬಂದ್ರ ಅಗಸಿ ಬಾಗಲದಾಗ ಹಿಡೀತಾರ. ನನಗ ಕಳ್ಳನ್ನ ಕಂಡ ಕ್ವಾಟಿ ಬೇಕು."

"ಗೌಡ್ರ, ನನಗೂ ಬಂದಿತ್ರಿ."

"ಬಂದ ಮೈ ಹಿಂಗ ನಿಂದರತೈತೇನು?"

ಅಂದಾನೆಪ್ಪ ಬಾಗಿ ತೋರಿಸಲು ತಿಣುಕಿದ. ಗಳ ಒಂದು ಬೆರಳೂ ಮಣಿಯಲಿಲ್ಲ. ಅಷ್ಟರಲ್ಲಿ ಬೆಲ್ಲ, ನೀರು ಹಿಡಿದು ಉಳವಪ್ಪ ನರಳುತ್ತ ಒಳಗೆ ಬಂದ. ಗೌಡರ ಕಣ್ಣು ಅರಳಿತು.

"ನಿನಗ ಬಂದಿತ್ತೇನೋ ತಮ್ಮಾ? ಮದಿವಿ ಆಗೇತೇನು?"

ಉಳವಪ್ಪ ನಾಚಿಕೊಂಡ. ಮೊದಲೇ ಬಾಗಿದ್ದವನು ಇನ್ನಷ್ಟು ಬಾಗಿದ.

ಸಂಜೆ ನೇಸರಗಿಯ ಚಕ್ಕಡಿಯಲ್ಲಿ ಉಳವಪ್ಪ, ಅದಕ್ಕೆಂದೇ ಬಗ್ಗಿಸಿದವನಂತೆ, ಸರಿಯಾಗಿ ಹೊಂದಿ ಕುಳಿತಿದ್ದ.

"ಗಂಟರ ಬಿಚ್ಚಿ ಹೋಗೋ," ಎಂದ ಅಂದಾನೆಪ್ಪ ಹೊಸ್ತಿಲಿನಿಂದ.

"ಮನಿ ನೋಡ್ಕೊಂಡು ಬಂದ ಬಿಚ್ಚತೇನಿ. ಅಲ್ಲೀತನಕ ನೆಟ್ಟಗ ಇರು."

ಚಕ್ಕಡಿ ಮರೆಯಾಯಿತು. ಸೊಳ್ಳೆಯೊಂದು ಗುಂಯ್ಯೆನ್ನುತ್ತ ಬಂದು ಅಂದಾನೆಪ್ಪನ ಮೀನಖಂಡದ ಮೇಲೆ ಆರಾಮಾಗಿ ಕುಳಿತಿತು. ಅವನು ಅದನ್ನು ನೋಡಿದ. ಹೊಡೆಯಬೇಕೆಂದರೆ ಬಾಗಬೇಕು.