ಪಕ್ಕದ ಚೀಲಕ್ಕೆ ಹುಳಿಗಂಜಿ

"ಟೊಮೆಟೊ ಅಂದ್ರೆ ಏನೂಂತ ಈ ತಿರುವನಂತಪುರಕ್ಕೆ ನಾನು ತೋರಿಸ್ತೀನಿ, ನೋಡ್ತಿರು!"

ಮೈಸೂರಿನ ಬಸ್ಸಿನಿಂದ ತಂಪಾನೂರು ನಿಲ್ದಾಣದಲ್ಲಿ ಇಳಿಯುತ್ತಲೇ ಜನಾರ್ದನರಾಯರು ಹೆಂಡತಿ ವಸಂತಿಗೆ ಫೋನಿನಲ್ಲಿ ಘೋಷಿಸಿದರು. ಅಂಗಿಯ ಜೇಬಿನಲ್ಲಿ ಮೂರು ಪೊಟ್ಟಣ ಬೀಜ: ಮೈಸೂರಿನ ನಾಟಿ, ಬೆಂಗಳೂರಿನ ಹೈಬ್ರಿಡ್, ದ್ರಾಕ್ಷಿ ಗಾತ್ರದ ಚೆರ್ರಿ.

ರಾಯರದು ಕೇಂದ್ರ ಸರಕಾರದ ಅಂಕಿಅಂಶದ ಕೆಲಸ; ಈ ಊರಿಗೆ ವರ್ಗವಾಗಿತ್ತು. ಸುಮ್ಮನೆ ಬಿಟ್ಟಾರೆಯೇ? ಕಳಕ್ಕೂಟಂನ ಫ್ಲ್ಯಾಟಿನ ತಾರಸಿಯಲ್ಲಿ ಚೀಲಗಳಿಗೆ ಮಣ್ಣು ತುಂಬಿ, ಗಿಡಕ್ಕೊಂದು ನಂಬರು ಕೊಟ್ಟು, ಮೂರು ತಳಿಗಳ ತೌಲನಿಕ ಅಧ್ಯಯನವನ್ನೇ ಶುರು ಮಾಡಿದರು. ಗಿಡಗಳು ಮಾತ್ರ ಸಹಕರಿಸಲಿಲ್ಲ. ನಾಟಿ ಬೆಳಗ್ಗೆ ತಲೆ ಬಾಗಿಸಿ ಸಂಜೆಗೆ ಮಲಗಿಬಿಟ್ಟಿತು. ಹೈಬ್ರಿಡ್ ಆಳೆತ್ತರ ಬೆಳೆದು ಬರೀ ಎಲೆ ಬಿಟ್ಟಿತು. ಚೆರ್ರಿ ಕೊಟ್ಟದ್ದು ಹನ್ನೊಂದು ಹಣ್ಣು. ಒಂಬತ್ತು ಅಳಿಲಿನ ಪಾಲು!

ಅದನ್ನಾದರೂ ಸಹಿಸಬಹುದಿತ್ತು. ಆದರೆ ತಾರಸಿಯಲ್ಲಿ ಪಕ್ಕದ ಚೀಲಗಳ ಸಾಲು ಮೂರನೇ ಮಹಡಿಯ ವಕೀಲ ರಾಮದಾಸರದು. ಕಾಸರಗೋಡಿನ ಈ ಮಹಾಶಯರು ಕೃಷಿ ಭವನದಿಂದ ಯಾವುದೋ ಇಲ್ಲಿಯದೇ ತಳಿಯ ಸಸಿ ತಂದು, ನೆಟ್ಟು, ಮರೆತೇಬಿಟ್ಟಿದ್ದರು. ಆ ಮರೆತ ಗಿಡಗಳಲ್ಲಿ ಗೊಂಚಲು ಗೊಂಚಲು ಕಾಯಿ!

"ರೀ, ರಾಮದಾಸರು ಒಂದು ಬುಟ್ಟಿ ಹಣ್ಣು ಕೊಟ್ರು. ಏನು ಬಣ್ಣ, ಏನು ರಸ!" ಎಂದಳು ವಸಂತಿ, ಸಾರು ಬಡಿಸುತ್ತ.

ಮದುವೆಯಾಗಿ ಇಪ್ಪತ್ತಾರು ವರ್ಷ. ಒಂದು ದಿನವಾದರೂ ಈ ದನಿಯಲ್ಲಿ ತಮ್ಮನ್ನು ಹೊಗಳಿದ್ದಳೇ?

"ಉಪ್ಪು ಜಾಸ್ತಿ" ಎಂದು ರಾಯರು ಎದ್ದುಬಿಟ್ಟರು. ಹೊಟ್ಟೆ ಧಗಧಗ ಉರಿಯುತ್ತಿತ್ತು.

ಅಡುಗೆಮನೆಯ ಮೂಲೆಯಲ್ಲಿ ಕುಚ್ಚಲಕ್ಕಿ ಬಸಿದ ಗಂಜಿ ಹುಳಿ ಬಂದು ಗಬ್ಬು ನಾರುತ್ತಿತ್ತು. ಅದನ್ನು ಕಂಡದ್ದೇ ತಡ, ರಾಯರ ಕಣ್ಣು ಮಿನುಗಿತು. ಇದನ್ನು ಕುಡಿದ ಯಾವ ಬೇರು ಉಳಿದೀತು? ಮರುದಿನ ನಸುಕಿನಿಂದಲೇ ಸೇಡಿನ ಮಹಾಯಾಗ ಆರಂಭ! ತಲೆಗೆ ಟವೆಲ್ಲು, ಕೈಯಲ್ಲಿ ಬಕೆಟ್ಟು, ವಕೀಲರ ಪ್ರತಿ ಚೀಲಕ್ಕೂ ಒಂದು ಚೊಂಬು.

ವಾರದಲ್ಲಿ ಎಲೆಗಳು ಇನ್ನಷ್ಟು ಕಪ್ಪು ಹಸಿರಾದವು. ರಾಯರು ಎರಡು ಚೊಂಬು ಸುರಿದರು. ಹಣ್ಣುಗಳು ಮುಷ್ಟಿಗಾತ್ರವಾದವು. ಮೂರು ಚೊಂಬು ಸುರಿದರು! "ನಮ್ಮವು ಹಾಲೆರೆದರೂ ಸಾಯ್ತವೆ, ಈ ದರಿದ್ರದವು ವಿಷ ಎರೆದರೂ ನಗ್ತವಲ್ಲ!" ಎಂದು ಹಲ್ಲು ಕಡಿದರು.

ಜನವರಿಯಲ್ಲಿ ಫ್ಲ್ಯಾಟಿನವರ ಕೂಟ. ತಾರಸಿ ತೋಟದ ಮೊದಲ ಬಹುಮಾನ ರಾಮದಾಸರಿಗೆ. ಅವರು ಮೈಕು ಹಿಡಿದು ಮಲಯಾಳದಲ್ಲಿ ಏನೇನೋ ಹೇಳಿ, ರಾಯರತ್ತ ತಿರುಗಿ ಕನ್ನಡಕ್ಕಿಳಿದರು.

"ಎಂತ ಹೇಳುದು ಮಾರಾಯ್ರೆ! ಹುಳಿಗಂಜಿಗಿಂತ ಒಳ್ಳೆ ಗೊಬ್ಬರ ಉಂಟಾ? ಈ ಊರಲ್ಲಿ ಎಲ್ಲರೂ ಹಾಕ್ತಾರೆ. ನನಗೇ ಉದಾಸೀನ. ನೀವು ಸ್ವಂತ ಗಿಡ ಬಿಟ್ಟು ನನ್ನ ಗಿಡಕ್ಕೆ ತಿಂಗಳಿಡೀ ಎರೆದಿರಿ!"

ಹಿಂದಿನ ಪರದೆಯ ಮೇಲೆ ತಾರಸಿಯ ಕ್ಯಾಮೆರಾದ ದೃಶ್ಯ: ಟವೆಲ್ಲು ಹೊದ್ದ ರಾಯರು ಬಕೆಟ್ ಹಿಡಿದು ತುದಿಗಾಲಲ್ಲಿ ನಡೆಯುತ್ತಿದ್ದಾರೆ! ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ರಾಯರಿಗೆ ಶಾಲು ಹೊದಿಸಿದರು.

ಲಿಫ್ಟಿನಲ್ಲಿ ಗಂಡ ಹೆಂಡತಿ ಇಬ್ಬರೇ. ರಾಯರು ಶಾಲಿನ ಅಂಚು ಸರಿಮಾಡಿಕೊಂಡು, "ಏನೋ, ಅಕ್ಕಪಕ್ಕದವರಿಗೆ ಕೈಲಾದ ಸಹಾಯ..." ಎಂದು ಶುರುಮಾಡಿದರು.

"ಸಾಕು ಸುಮ್ನಿರಿ. ಅವರು ನಂಬಲಿ, ನಾನು ಇಪ್ಪತ್ತಾರು ವರ್ಷದಿಂದ ನಿಮ್ಮನ್ನ ನೋಡ್ತಿದ್ದೀನಿ" ಎಂದಳು ವಸಂತಿ. "ಅಲ್ರೀ, ನಮ್ಮ ಗಿಡಗಳ ಮೇಲೂ ಒಂಚೂರು ಹೊಟ್ಟೆಕಿಚ್ಚು ಪಡಬಾರದಿತ್ತಾ? ಸಾರಿಗೆ ನಾಲ್ಕು ಹಣ್ಣಾದರೂ ಆಗ್ತಿತ್ತು!"