ಒಬ್ಬಳೇ ಅಜ್ಜಿ, ಎರಡು ಪ್ರಾಜೆಕ್ಟು

ಅಂಕೋಲೆಯ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವ ನಾನು. ಪ್ರಾಜೆಕ್ಟು ಒಪ್ಪಿಸುವ ವಾರ ಬಂತೆಂದರೆ ನಮ್ಮಲ್ಲಿ ನಗುವಿಗೆ ಬರವಿಲ್ಲ. ಪ್ರತಿ ವರ್ಷ ಏನಾದರೊಂದು ಆಗಿಯೇ ತೀರುತ್ತದೆ.

ಸುಂಕಸಾಳದ ಒಂಟೆ

ಸುಂಕಸಾಳದ ಹುಡುಗನೊಬ್ಬ ‘ನಮ್ಮೂರ ಜನಜೀವನ’ ಬರೆದು ತಂದ. ಎರಡನೇ ಪುಟದಲ್ಲಿ ಊರವರೆಲ್ಲ ಒಂಟೆ ಹಾಲು ಕುಡಿಯುತ್ತಿದ್ದರು. ಯಾವುದೋ ಮರಳುಗಾಡಿನ ಊರಿನ ಬರಹವನ್ನು ನೆಟ್ಟಿನಿಂದ ಇಡಿಯಾಗಿ ಇಳಿಸಿಕೊಂಡು ಊರ ಹೆಸರು ಮಾತ್ರ ಬದಲಿಸಿದ್ದ.

“ಸುಂಕಸಾಳಕ್ಕೆ ಒಂಟೆ ಎಲ್ಲಿಂದ ಬಂತೋ?”

“ಹೈವೇ ಅಲ್ವಾ ಸರ್, ಎಂತೆಂತದೋ ಬರ್ತದೆ.”

ಮತ್ತೆ ಬರೆಸಿದೆ. ಈ ಸಲ ತನ್ನಪ್ಪನ ಗದ್ದೆ ಕೆಲಸದ ಬಗ್ಗೆ ಸ್ವಂತ ಮಾತಿನಲ್ಲಿ ಬರೆದ. ಓದಿ ನಿಜಕ್ಕೂ ಹೆಮ್ಮೆಯಾಯಿತು. ಒಂಟೆ ಮಾತ್ರ ಕೊನೆಯ ಪುಟದಲ್ಲಿ ಇನ್ನೂ ನಿಂತಿತ್ತು.

ಅತಿ ಪ್ರಾಮಾಣಿಕಳು

ಮರುದಿನ ತರಗತಿಯಲ್ಲಿ ಗುಡುಗಿದೆ: “ಯಾರ ಮಾತು ತಂದರೂ ಕೆಳಗೆ ಅವರ ಹೆಸರು ಹಾಕಿ!” ಕದ್ರಾದ ಹುಡುಗಿ ಇದನ್ನು ಚಾಚೂ ತಪ್ಪದೆ ಪಾಲಿಸಿದಳು. ಮುಖಪುಟದಲ್ಲೇ ಬರೆದಿದ್ದಳು: ‘ನನ್ನ ಹುಟ್ಟಿದ ದಿನ. ಆಧಾರ: ಅಮ್ಮ.’

ಬೊಬ್ರುವಾಡದ ಅಜ್ಜಿ

ಕಾರವಾರದಿಂದ ಪರೀಕ್ಷಕರು ಬಂದರು. “ನಮ್ಮ ಮಕ್ಕಳು ಈಗ ಕದಿಯೋದಿಲ್ಲ ಸರ್,” ಎಂದು ನಾನು ಬೀಗುತ್ತಿರುವಾಗಲೇ ಅವರು ಎರಡು ಪ್ರಾಜೆಕ್ಟು ಎತ್ತಿ ಹಿಡಿದರು. ಎರಡೂ ಬೊಬ್ರುವಾಡದ ಹುಡುಗಿಯರವು. ಮುಂದಿನ ಬಿತ್ತನೆಗೆ ಕೆಡದಿರಲೆಂದು ಸೌತೆ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಗೋಡೆಗೆ ಮೆತ್ತಿಡುವುದರ ವಿವರಣೆ ಎರಡರಲ್ಲೂ ಅಕ್ಷರ ಬಿಡದೆ ಒಂದೇ. ಕೆಳಗೆ ಇಬ್ಬರೂ ಅಜ್ಜಿಯ ಹೆಸರು ಸಮೇತ ‘ಹೇಳಿದವರು: ನಮ್ಮಜ್ಜಿ’ ಎಂದು ಬರೆದಿದ್ದರು.

“ಅಜ್ಜಿಯನ್ನೂ ಕಾಪಿ ಹೊಡೆದಿದ್ದಾರೆ ನೋಡಿ! ಇಬ್ಬರಿಗೂ ಸೊನ್ನೆ.”

ಸೊನ್ನೆ ಎಂದರೆ ಫೇಲು. ಹುಡುಗಿಯರ ಕಣ್ಣು ತುಂಬಿತು. “ಸರ್, ನಮ್ಮಪ್ಪಂದಿರು ಅಣ್ಣ ತಮ್ಮ. ಇರೂದೇ ಒಂದು ಅಜ್ಜಿ, ನಾವೆಂತ ಮಾಡೂದು?”

ಅಜ್ಜಿ ಪೇಟೆಯಲ್ಲೇ ತರಕಾರಿ ಮಾರುತ್ತಿದ್ದಳು. ಮೊಮ್ಮಕ್ಕಳು ಓಡಿಹೋಗಿ, ದಾರಿಯಲ್ಲೇ ಕಥೆಯೆಲ್ಲ ಹೇಳಿ ಕರೆತಂದರು. ಬೀಜದ ಮಾತೆತ್ತಿದ್ದೇ ತಡ, ಅಜ್ಜಿ ಶುರುಮಾಡಿದಳು. ಪರೀಕ್ಷಕರು ಪುಟದ ಸಾಲುಗಳ ಮೇಲೆ ಬೆರಳಾಡಿಸುತ್ತ ಕೇಳಿಸಿಕೊಂಡರು. ನಡುವೆ ಬಂದ ಕೆಮ್ಮೊಂದು ಬಿಟ್ಟರೆ ಒಂದು ಮಾತೂ ಹೆಚ್ಚುಕಡಿಮೆಯಿಲ್ಲ.

ಸೊನ್ನೆ ಅಳಿಸಿದರು. ನನ್ನ ಮಕ್ಕಳು ಗೆದ್ದರೆಂದು ನಾನು ಎದೆಯುಬ್ಬಿಸಿ ನಿಂತೆ.

ಪರೀಕ್ಷಕರಿಗೂ ಖುಷಿಯೋ ಖುಷಿ. “ಅಜ್ಜಿ, ಇದನ್ನು ನಾನು ಕಾರವಾರದಲ್ಲಿ ಭಾಷಣದಲ್ಲಿ ಹೇಳ್ತೇನೆ,” ಎಂದರು.

ಅಜ್ಜಿ ಬುಟ್ಟಿ ಎತ್ತಿಕೊಳ್ಳುತ್ತ ಹೇಳಿದಳು: “ಹೇಳೂಕೆ ಅಡ್ಡಿಲ್ಲ ತಮಾ. ನನ್ ಹೆಸ್ರು ಬಿಟ್ರೆ ಮಾತ್ರ ನಿಂಗೂ ಸೊನ್ನೆ!”